ಕೊನೆಯವಳು ಬರುವ ತನಕ ದಾರ ಬಿಡಬೇಡಿ

ಬಿಳಿಗುಂಡಿ.
ನಿಮ್ಮ ಪ್ಲವ ಸಂವತ್ಸರದಿಂದ ಎಣಿಸಿದರೆ ಮೂರನೆಯ ಪ್ಲವ, ಉರಿಮಾಸದ ಮೂವತ್ತಾರನೆಯ ದಿನ, ಸೋಮವಾರ.

ಬಿಳಿಗುಂಡಿ ಪ್ರೌಢಶಾಲೆಯ ಅಂಗಳದಲ್ಲಿ ಈ ಹಾಳೆಯನ್ನು ಎತ್ತಿಕೊಂಡವರಿಗೆ, ಗುರುಗಳಾದರೆ ಗುರುಗಳಿಗೆ, ಮಕ್ಕಳಾದರೆ ಮಕ್ಕಳಿಗೆ, ಹಂಪವ್ವ ಮಾಡುವ ಶರಣು.

ಉರಿಮಾಸವೆಂಬ ತಿಂಗಳು ನಿಮ್ಮ ಪಂಚಾಂಗದಲ್ಲಿ ಇಲ್ಲ. ಚೈತ್ರ ಮುಗಿದರೂ ವೈಶಾಖ ಎನ್ನಲು ಬಾಯಿ ಬಾರದಷ್ಟು ಬಿಸಿಲು ಬಿದ್ದ ಒಂದು ವರ್ಷ ನಮ್ಮ ಹಿರಿಯರು ಅದನ್ನು ನಡುವೆ ಸೇರಿಸಿದರು. ಬಿಸಿಲು ಇಳಿಯುವವರೆಗೆ ಅದು ಮುಗಿಯುವುದಿಲ್ಲ. ನನ್ನ ಮಾತು ಅಲ್ಲಲ್ಲಿ ಸೊಟ್ಟಗೆ ಕಂಡರೆ ತಪ್ಪು ತಿಳಿಯಬೇಡಿ. ನಾನು ಊರ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಓದಿದವಳು, ವಯಸ್ಸು ಐವತ್ತು. ನಿಮ್ಮ ಕಾಲದ ಕನ್ನಡ ಹೇಗಿತ್ತೆಂದು ನಮ್ಮ ಶಾಲೆಯ ಅಕ್ಕೋರು ಪಕ್ಕದಲ್ಲಿ ಕುಳಿತು ತಿದ್ದಿಕೊಡುತ್ತಿದ್ದಾರೆ. ಬೆಳಗಿನ ಲಿಂಗಪೂಜೆ ಮುಗಿಸಿ ವಿಭೂತಿಯ ಕೈಯಲ್ಲೇ ಬರೆಯಲು ಕುಳಿತಿದ್ದೇನೆ, ಆದ್ದರಿಂದ ಸುಳ್ಳು ಬರೆಯಲಾರೆ. ನಾಳೆ ನನ್ನ ಮಗಳು ಗಂಗಿ ಶಾಲೆಯ ಗುಡ್ಡದ ಓಟ ಓಡುತ್ತಾಳೆ. ಅವಳು ನನ್ನ ಹತ್ತಿರ ಮರಳಿ ಬರುವುದು, ಬಿಡುವುದು, ನಿಮ್ಮ ಕೈಯಲ್ಲಿದೆ. ಅದಕ್ಕೇ ಈ ಕಾಗದ.

ಇದು ನಿಮ್ಮ ಹತ್ತಿರ ಹೇಗೆ ಬಂತೆಂದು ಮೊದಲು ಹೇಳಿಬಿಡುತ್ತೇನೆ. ನಿಮ್ಮ ತರಗತಿಯ ಕೋಣೆಗಳು ಈಗ ನಮಗೆ ಮಾಳಿಗೆ. ಅವುಗಳ ಕೆಳಗೆ ನೆಲ ಅಗೆದು ಮಾಡಿದ ನೆಲಶಾಲೆಯಲ್ಲಿ ಮಕ್ಕಳು ತಂಪಾಗಿ ಕುಳಿತು ಓದುತ್ತಾರೆ. ಬಿಸಿಲು ಏರಿತೆಂದರೆ ನೆರಳುಗಂಟೆ ಬಾರಿಸುತ್ತಾರೆ. ಅದಾದ ಮೇಲೆ ನಾಯಿ ಕೂಡ ಅಂಗಳಕ್ಕೆ ಇಳಿಯುವುದಿಲ್ಲ. ಆಟ, ಓಟ, ಹಬ್ಬ ಎಲ್ಲ ನಸುಕಿನಲ್ಲಿ ಮುಗಿಯಬೇಕು. ಅಂಗಳದಲ್ಲಿ ನಿಮ್ಮ ಕಾಲದಿಂದ ಕದಲದೆ ಉಳಿದಿರುವುದು ಧ್ವಜಕಟ್ಟೆಯ ಕಲ್ಲು ಒಂದೇ. ಹತ್ತನೆಯ ಇಯತ್ತೆಯ ನಮ್ಮ ಗಂಗಿ ಮತ್ತು ಅವಳ ಜೊತೆಗಾರ ಮೈಲಾರಿ ಆ ಕಲ್ಲಿನ ಬುಡಕ್ಕೆ ಏನೇನೋ ತಂತಿ ಸುತ್ತಿ ಹಿಂದಂಚೆ ಮಾಡಿದರು. ಬೇರೆ ಊರಿಗೆ ಹೋಗುವುದು ಅಂಚೆ, ಹಿಂದಿನ ಕಾಲಕ್ಕೆ ಹೋಗುವುದು ಹಿಂದಂಚೆ. ಕದಲದ ಕಲ್ಲಿಗೆ ತನ್ನ ಹಳೆಯ ದಿನಗಳ ದಾರಿ ಗೊತ್ತಿರುತ್ತದಂತೆ. ಒಂದೇ ಹಾಳೆ, ಒಂದೇ ಸಲ ಹೋಗುತ್ತದಂತೆ. ಜಿಲ್ಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಇದಕ್ಕೆ ಮೊದಲ ಬಹುಮಾನ ಬಂತು. ಹಲಗೆ ಬಾರಿಸಿಕೊಂಡು ಮಕ್ಕಳನ್ನು ಊರೊಳಗೆ ಕರೆತಂದೆವು.

ಆ ಒಂದು ಹಾಳೆಯಲ್ಲಿ ಏನು ಬರೆಯಬೇಕೆಂದು ನೆಲಶಾಲೆಯಲ್ಲಿ ಸಭೆ ಕೂಡಿತು. ಬಾವಿ ಮುಚ್ಚಬೇಡಿ ಎಂದು ಬರೆಯೋಣ ಅಂದರು ಕೆಲವರು. ಕೆರೆಯ ಹೊಲದ ಸೋಮಪ್ಪ ಎದ್ದು ನಿಂತು, “ಬಂಗಾರ ಎಲ್ಲಿ ಹುಗದೀರಿ ಅಂತ ಕೇಳ್ರಿ ಮೊದ್ಲ,” ಅಂದ. ಊರಿಗೆಲ್ಲ ಹಿರಿಯಳಾದ ಭರಮವ್ವ ಆಯಿ ಅವನ ಧೋತರ ಹಿಡಿದು ಜಗ್ಗಿ, “ನಿಮ್ಮ ಮುತ್ಯಾನ ಹಲ್ಲಿನ್ಯಾಗೂ ಬಂಗಾರ ಇರ್ಲಿಲ್ಲೋ ಹುಚ್ಚಪ್ಯಾಲಿ, ಕುಂದ್ರು,” ಎಂದಾಗ ಸಭೆಯೆಲ್ಲ ನಕ್ಕಿತು. ಗಂಗಿ ನಗಲಿಲ್ಲ. ಅವಳು ಕುಳಿತಿರಲೂ ಇಲ್ಲ. ಕಂಬದ ಪಕ್ಕ ನಿಂತಲ್ಲೇ ಒಂದೊಂದೇ ಕಾಲು ಎತ್ತಿ ಇಡುತ್ತಿದ್ದಳು. “ಕಟ್ಟಿದಾಕಿ ನಾನು. ಬರಿಯಾಕಿ ನಮ್ಮವ್ವ,” ಅಂದಳು. ಯಾರೂ ಎದುರಾಡಲಿಲ್ಲ. ಅವಳ ಕಾಲು ಯಾಕೆ ನಿಲ್ಲುವುದಿಲ್ಲ ಎಂಬುದು ಇಡೀ ಊರಿಗೆ ಗೊತ್ತು. ನಿಮಗೂ ಗೊತ್ತಾಗಬೇಕು.

ಇದು ಶುರುವಾದದ್ದು ನಿಮ್ಮ ಕಾಲದಲ್ಲಿ. ಯಾವ ವರ್ಷವೆಂದು ನಮಗೆ ತಿಳಿಯದು. ಮಕ್ಕಳು ಸೈಕಲ್ ತುಳಿದು ಶಾಲೆಗೆ ಬರುತ್ತಿದ್ದ, ನಡುಮಧ್ಯಾಹ್ನ ಬಯಲಲ್ಲಿ ನಿಂತು ನಗಬಹುದಾಗಿದ್ದ ಕಾಲ ಎಂದಷ್ಟೇ ಬಾಯಿಂದ ಬಾಯಿಗೆ ಬಂದಿದೆ. ಆ ವರ್ಷ ಕ್ರೀಡಾಕೂಟವನ್ನೂ ಪ್ರತಿಭಾ ಪುರಸ್ಕಾರವನ್ನೂ ಒಂದೇ ದಿನ ಇಟ್ಟಿದ್ದರಂತೆ. ಮುಖ್ಯ ಅತಿಥಿ ತಡವಾಗಿ ಬಂದರು, ಬಂದವರಿಗೆ ಹೋಗುವ ಅವಸರ. ಗುಡ್ಡ ಸುತ್ತಿ ಬರುವ ಓಟದಲ್ಲಿ ಮೊದಲ ಮೂವರು ಅಂಗಳಕ್ಕೆ ಬಂದು ಕೆಂಪು ಉಲ್ಲನ್ ದಾರಕ್ಕೆ ಎದೆ ಕೊಟ್ಟರು. ಚಪ್ಪಾಳೆ ಬಿತ್ತು. ಎಲ್ಲರೂ ವೇದಿಕೆಯ ಕಡೆ ತಿರುಗಿದರು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ತೆಗೆದವರಿಗೆ ಶಾಲು ಹೊದಿಸಿದರು, ಭಾಷಣವಾಯಿತು, ವಂದನಾರ್ಪಣೆಯಾಯಿತು. ವೇದಿಕೆಯ ಬಟ್ಟೆಯನ್ನು ಗಂಟು ಕಟ್ಟುವಾಗ ಹಗ್ಗ ಸಿಗದೆ ಯಾರೋ ಆ ಕೆಂಪು ದಾರವನ್ನೇ ಬಿಚ್ಚಿ ಕಟ್ಟಿದರು. ಕೆಟ್ಟವರಲ್ಲ ಅವರು, ಅವಸರದವರು.

ಒಂಬತ್ತನೆಯ ಇಯತ್ತೆಯ ಹುಲಿಗೆವ್ವ ಆಗ ಇನ್ನೂ ಗುಡ್ಡದ ಆಚೆ ಇದ್ದಳು. ಓಟದಲ್ಲಿ ಮುಂದಿದ್ದವಳಲ್ಲ, ಆದರೆ ಹೆಸರು ಕೊಟ್ಟ ಮೇಲೆ ಮುಗಿಸಲೇಬೇಕೆಂಬ ಹಟದವಳು. ಮನೆಗೆ ಹೋಗಿದ್ದಾಳೆ ಅಂದುಕೊಂಡರು ಶಾಲೆಯವರು. ಶಾಲೆಯಲ್ಲಿದ್ದಾಳೆ ಅಂದುಕೊಂಡರು ಮನೆಯವರು. ಅವಳು ಅಂಗಳಕ್ಕೆ ಬಂದಾಗ ಜನವಿಲ್ಲ, ದಾರವಿಲ್ಲ, ಓಟ ಎಲ್ಲಿಗೆ ಮುಗಿಯಿತೆಂದು ಹೇಳುವವರಿಲ್ಲ. ಇನ್ನೂ ಒಂದು ಸುತ್ತು ಇರಬೇಕೆಂದುಕೊಂಡು ಹೋದಳು. ಇಳಿಹೊತ್ತಿನಲ್ಲಿ ಆಡು ಹೊಡೆದುಕೊಂಡು ಬರುತ್ತಿದ್ದ ಮುದುಕನೊಬ್ಬ ಅವಳನ್ನು ಕಂಡು, “ಏ ತಂಗೀ, ಆಟ ಮುಗದ್ವು, ಮನಿಗೆ ನಡಿ!” ಎಂದು ಕೂಗಿದನಂತೆ. ಅವಳು ನಿಲ್ಲದೆ ಕೇಳಿದಳಂತೆ, “ದಾರ ಎಲ್ಲೈತಿ ಯಪ್ಪಾ?” ಅವಳನ್ನು ಕಣ್ಣಾರೆ ಕಂಡದ್ದು ಅದೇ ಕೊನೆ.

ಅಂದಿನಿಂದ ನಮ್ಮ ಶಾಲೆಯಲ್ಲಿ ಎಲ್ಲ ತಿರುವುಮುರುವು. ಪುರಸ್ಕಾರದ ದಿನ ಹೆಸರು ಕರೆಯುವುದು ಕೊನೆಯವರಿಂದ. ಎಲ್ಲರಿಗಿಂತ ಹಿಂದೆ ಬಂದ ಮಗುವಿಗೆ ದೊಡ್ಡ ಬಹುಮಾನ, ಒಂದು ಕೊಡ ಸಿಹಿನೀರು. ನಿಮಗೆ ಇದು ನಗೆ ಬರಿಸಬಹುದು. ನಮ್ಮ ಮನೆಗಳಲ್ಲಿ ಆ ಕೊಡ ಎರಡು ದಿನ ದೇವರ ಜಗುಲಿಯ ಪಕ್ಕ ಇರುತ್ತದೆ, ಆಮೇಲೆ ಕುಡಿಯುತ್ತೇವೆ. ಚಿಕ್ಕವರಿಗೆ ಓದು ಕಲಿಸಿದವರಿಗೆ, ಬೇಸಿಗೆ ದಾಟಿಸಿ ಗಿಡ ಉಳಿಸಿದವರಿಗೆ ಕೂಡ ಚಪ್ಪಾಳೆ ಉಂಟು. ಅಂಕ ತೆಗೆದವರ ಹೆಸರೂ ಓದುತ್ತಾರೆ, ಆದರೆ ಎಲ್ಲರೂ ಅಂಗಳಕ್ಕೆ ಬಂದು ಸೇರಿದ ಮೇಲೆ. ಮುಖ್ಯ ಅತಿಥಿಗೆ ಕುರ್ಚಿ ಇಲ್ಲ. ಅವರು ದಾರದ ಒಂದು ತುದಿ ಹಿಡಿದು ನಿಲ್ಲಬೇಕು. ಹೋದ ವರ್ಷ ಬಂದಿದ್ದ ಅಧಿಕಾರಿಯೊಬ್ಬರು, “ತೋಳು ಸೋತ್ವು ಆಯೀ, ಇನ್ನ ಎಷ್ಟೊತ್ತು?” ಎಂದು ಕೇಳಿದರು. “ಓಡಾವ್ರ ಕಾಲು ಸೋತಿಲ್ಲೇನು? ಹಿಡೀರಿ ಸಾಹೇಬ್ರ, ಉಪ್ಪಿಟ್ಟು ಎಲ್ಲೂ ಓಡಿ ಹೋಗೂದಿಲ್ಲ,” ಅಂದಳು ಭರಮವ್ವ.

ಕೊನೆಯ ಮಗು ಬಂದ ಮೇಲೂ ನಾವು ಕದಲುವುದಿಲ್ಲ. ರೊಟ್ಟಿಯ ಬುಟ್ಟಿ ಬಿಚ್ಚುವುದಿಲ್ಲ, ಕೂಸುಗಳು ಸಹ ಅಳುವುದಿಲ್ಲ. ಆಗ ಗುಡ್ಡದ ಕಡೆಯಿಂದ ಹೆಜ್ಜೆಯ ಸಪ್ಪಳ ಬರುತ್ತದೆ. ಬರಿಗಾಲಿನ ಸಪ್ಪಳ. ಅದರ ಜೊತೆಗೆ ಏದುಸಿರು. ಧೂಳು ಏಳುತ್ತದೆ, ಆಳು ಕಾಣುವುದಿಲ್ಲ. ನಾವು ದಾರವನ್ನು ಸರಿಯಾಗಿ ಅದರ ಎದುರಿಗೆ ಹಿಡಿಯುತ್ತೇವೆ. ದಾರ ಅಲುಗುವುದಿಲ್ಲ, ಹಿಡಿದವರ ಬೆರಳು ಮಾತ್ರ ತಣ್ಣಗಾಗುತ್ತವೆ. ಸಪ್ಪಳ ದಾರ ದಾಟಿ ಅಂಗಳದ ನಡುವೆ ಬಂದು ಸುಮ್ಮನಾಗುತ್ತದೆ. ಹುಡುಕುವವರ ಹಾಗೆ ಅತ್ತ ಎರಡು ಹೆಜ್ಜೆ, ಇತ್ತ ಎರಡು ಹೆಜ್ಜೆ. ಆಮೇಲೆ ನಮ್ಮ ಕಿವಿಯ ಹತ್ತಿರವೇ, “ದಾರ ಎಲ್ಲೈತಿ?” ಅಷ್ಟೇ. ಮತ್ತೆ ಗುಡ್ಡದ ಕಡೆಗೆ. ಎಷ್ಟು ತಲೆಮಾರು ಹಿಡಿದು ನೋಡಿದೆವು. ನಮ್ಮದು ಅವಳ ದಾರವಲ್ಲ, ನಾವು ಅವಳ ಜನವಲ್ಲ. ಅವಳು ಹುಡುಕುವುದು ನಿಮ್ಮ ಮುಖಗಳನ್ನು.

ಗುಡ್ಡದ ಆಚೆ ಒಂದು ಕಲ್ಲು ನಿಲ್ಲಿಸಿ, ಕುಂಕುಮ ಹಚ್ಚಿ, ಓಟದವ್ವ ಎಂದು ಕೆಲವರು ಬಳೆ ಏರಿಸುತ್ತಾರೆ. ನಾನು ದೇವರನ್ನು ನಂಬಿದವಳು, ಆದರೆ ಆ ಕಲ್ಲಿಗೆ ಇಂದಿಗೂ ಕೈ ಮುಗಿದಿಲ್ಲ. ದೇವರಿಗೆ ಏದುಸಿರು ಬರುವುದಿಲ್ಲ. ನಾನು ಕಿವಿಯಾರೆ ಕೇಳಿದ್ದೇನೆ, ಅದು ದಣಿದ ಕೂಸಿನ ಉಸಿರು. ದಣಿದ ಕೂಸಿಗೆ ಬಳೆ ಯಾಕೆ? ಕುಳಿತುಕೋ ಎಂದು ಹೇಳುವವರು ಬೇಕು.

ನನ್ನ ಅಜ್ಜಿಯ ಕಾಲದಲ್ಲಿ ಒಬ್ಬಳ ಹೆಜ್ಜೆ ಕೇಳುತ್ತಿತ್ತಂತೆ. ನನ್ನ ಅವ್ವನ ಕಾಲಕ್ಕೆ ಇಬ್ಬರದಾಯಿತು. ಈಗ ನಾಲ್ವರದು ಕೇಳುತ್ತದೆ. ಗುಡ್ಡದ ಆಚೆ ಓಡುವಾಗ ಯಾವ ಮಗುವಿನ ಹೆಸರನ್ನು ಹುಲಿಗೆವ್ವ ಕೇಳುತ್ತಾಳೋ, ಯಾವ ಮಗು ಹೆಸರು ಹೇಳುತ್ತದೋ, ಆ ಮಗು ಮುಂದಿನ ವರ್ಷದ ಓಟದಲ್ಲಿ ಅವಳ ಜೊತೆ ಹೋಗುತ್ತದೆ. ಒಂಟಿಯಾಗಿ ಓಡಿ ಓಡಿ ಸಾಕಾಗಿರಬೇಕು ಅವಳಿಗೆ, ಕೇಡಿಗೆ ಕೇಳುತ್ತಾಳೆಂದು ನಾನು ಅನ್ನಲಾರೆ. ಹೀಗೆ ಹೋದವರು ಮೂವರು. ಮೂರನೆಯವನು ನನ್ನ ಜೊತೆ ಓದುತ್ತಿದ್ದ ಪರಸಪ್ಪ. ಓಟದ ದಿನ ಅವನ ಅಪ್ಪ ಅವನನ್ನು ಕೋಣೆಯಲ್ಲಿ ಕೂಡಿಸಿ, ಹೊರಗೆ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕುಳಿತ. ಒಳಗೆ ಹುಡುಗ ಸುತ್ತುವ ಸಪ್ಪಳ ಕೇಳುತ್ತಲೇ ಇತ್ತು. ಸಪ್ಪಳ ನಿಂತಾಗ ಬಾಗಿಲು ತೆಗೆದರು. ಸೆಗಣಿ ಸಾರಿಸಿದ ನೆಲದ ಮೇಲೆ ದುಂಡಗೆ ಸವೆದ ದಾರಿ ಇತ್ತು. ಹುಡುಗ ಇರಲಿಲ್ಲ. ಅದಕ್ಕೆ ಈಗ ಯಾರೂ ಮಕ್ಕಳನ್ನು ಕೂಡಿಹಾಕುವುದಿಲ್ಲ.

ಹೋದ ವರ್ಷ ಗಂಗಿ ಕೊನೆಗೆ ಬಂದಳು. ಕೊಡ ನೀರಿನ ಆಸೆಗೆ ಬೇಕೆಂತಲೇ ಹಿಂದೆ ಬಿದ್ದಳೆಂದು ಗೆಳತಿಯರು ಕಾಡಿಸಿದರು: “ಆಮಿ ಸೈತ ನಿನಗಿಂತ ಚುರುಕ ಓಡ್ತೈತೆಲೇ!” ಅವಳು ಸೀದಾ ನನ್ನ ಹತ್ತಿರ ಬಂದು ಸೆರಗು ಹಿಡಿದಳು. “ಅವ್ವಾ, ಆಕಿ ನನ್ನ ಹೆಸರು ಕೇಳಿದ್ಲು. ಹೇಳಿದೆ,” ಅಂದಳು. “ಹೇಳಬಾರದಿತ್ತಲ್ಲ ನನ್ನ ಕೂಸ,” ಅಂದಳು ಭರಮವ್ವ. ಗಂಗಿ ನನ್ನ ಮುಖವನ್ನೇ ನೋಡುತ್ತ, “ದಣದಿದ್ಲವ್ವಾ. ಹೆಂಗ್ ಸುಮ್ಮನ ಬರ್ಲಿ?” ಅಂದಳು.

ಅಂದಿನಿಂದ ಅವಳ ಕಾಲು ನಿಂತಿಲ್ಲ. ಉಣ್ಣಲು ಕುಳಿತರೆ ತಟ್ಟೆಯ ಕೆಳಗೆ ಪಾದ ಆಡುತ್ತವೆ. ಹಿಂದಂಚೆಯ ತಂತಿಯನ್ನೂ ನಿಂತಲ್ಲೇ ಹೆಜ್ಜೆ ಹಾಕುತ್ತ ಸುತ್ತಿದಳು. ಅಂಗಾಲು ಕಲ್ಲಾಗಿದೆ. ಈಚೆಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಪಕ್ಕ ಬಂದು, ಉಪ್ಪು ಎಲ್ಲಿದೆ ಎಂದು ಕೇಳುವಷ್ಟೇ ಸಹಜವಾಗಿ, “ದಾರ ಎಲ್ಲೈತಿ ಅವ್ವಾ?” ಅಂದಳು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು, ನನಗೆ ಗೊತ್ತಾಗಲಿಲ್ಲ.

ಈಗ ಬೇಡಿಕೊಳ್ಳುವುದು ಇಷ್ಟೇ. ಬಾವಿ, ಬಂಗಾರ ಏನೂ ಕೇಳುವುದಿಲ್ಲ. ನಿಮ್ಮ ಶಾಲೆಯ ಓಟದ ದಿನ ದಾರ ಇಳಿಸಬೇಡಿ. ಆ ವರ್ಷ ಯಾವುದೆಂದು ನನಗೆ ತಿಳಿಯದು, ಆದ್ದರಿಂದ ಪ್ರತಿ ವರ್ಷ ಹಿಡಿಯಿರಿ. ಅದು ಆಗಲೇ ಕಳೆದುಹೋಗಿದ್ದರೂ ಹಿಡಿಯಿರಿ. ಅವಳ ಜೊತೆ ಓದಿದವರು ಇನ್ನೂ ನಿಮ್ಮ ಊರಲ್ಲಿರುತ್ತಾರೆ, ಅವರನ್ನು ಕರೆತಂದು ಅಂಗಳದಲ್ಲಿ ನಿಲ್ಲಿಸಿ, ಗುರುತಿನ ಮುಖ ಕಂಡರೆ ನಿಂತಾಳು. ಅತಿಥಿಗಳಿಗೆ ಅವಸರವಿದ್ದರೆ ಹೋಗಲಿ. ಶಾಲು, ಹಾರ, ಭಾಷಣ ಕಾಯುತ್ತವೆ. ಎಲ್ಲರೂ ಬಂದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗುಡ್ಡದ ಕಡೆ ಕಿವಿ ಕೊಡಿ. ದಾರ ಅವಳ ಎದೆಗೆ ತಾಗಬೇಕು. ತಾಗಿದ ಮೇಲೆ ಯಾರಾದರೊಬ್ಬರು, “ಮುಗೀತು ಮಗಳ, ಕುಂದ್ರು,” ಅನ್ನಿ. ನೀರು ಕೊಡಿ.

ಆಗಲೂ ದಾರ ಬಿಡಬೇಡಿ. ಅವಳ ಹಿಂದೆ ಮೂವರು ಬರುತ್ತಾರೆ, ನೀವು ಕಾಣದ ಬಟ್ಟೆ ತೊಟ್ಟವರು. ಅವಳು ಎಲ್ಲಿ ನಿಲ್ಲುತ್ತಾಳೋ ಅವರು ಅಲ್ಲೇ ನಿಲ್ಲುತ್ತಾರೆ. ಅದು ಹೇಗೆಂದು ನನ್ನನ್ನು ಕೇಳಬೇಡಿ, ಶಿವನಿಗೆ ಗೊತ್ತು. ಅವರ ಹಿಂದೆ ಮತ್ತೆ ಯಾರೂ ಬಾರದಿದ್ದರೆ ನನ್ನ ಮಗಳು ನನ್ನ ಹತ್ತಿರವೇ ಉಳಿದಳೆಂದು ತಿಳಿಯಿರಿ. ಇನ್ನೊಬ್ಬಳು ಬಂದರೆ ಅವಳೇ ನನ್ನ ಮಗಳು, ಎಡಗಾಲು ತುಸು ಎಳೆಯುತ್ತಾಳೆ, ಕೊರಳಲ್ಲಿ ಲಿಂಗದ ಕರಡಿಗೆ ಇರುತ್ತದೆ, ಗಂಗಿ ಎಂದರೆ ತಿರುಗಿ ನೋಡುತ್ತಾಳೆ. ಎರಡರಲ್ಲಿ ಯಾವುದಾದರೂ ಸರಿ, ಅವಳ ಕಾಲು ನಿಲ್ಲಲಿ. ಕೂಡಿಸಿ, ಪಾದಕ್ಕೆ ಎಣ್ಣೆ ಹಚ್ಚಿ, ನಿಮ್ಮ ಶಾಲೆಯಲ್ಲೇ ಸೇರಿಸಿಕೊಳ್ಳಿ. ಗಣಿತದಲ್ಲಿ ಚುರುಕಿದ್ದಾಳೆ, ಹೆಸರು ತರುತ್ತಾಳೆ.

ನಾಳೆ ನಸುಕಿನಲ್ಲಿ ಅಂಗಳದಲ್ಲಿ ನಾನೇ ನಿಲ್ಲುತ್ತೇನೆ. ನಮ್ಮವ್ವ ಎಲ್ಲಿ ಎಂದು ಅವಳು ನಿಮ್ಮನ್ನು ಕೇಳಿದರೆ, ಇದೇ ದಾರದ ಇನ್ನೊಂದು ತುದಿ ಹಿಡಿದುಕೊಂಡು ನಿಂತಿದ್ದಾಳೆ ಎಂದು ಹೇಳಿ.