ಉಪವಾಸ ಕೂತ ಜೇಡ

ನೆರಿಯ
ಸೋಮವಾರ, ೧೩ ಜನವರಿ ೨೦೨೫

ಪ್ರೀತಿಯ ಅಝೀಮ್,

ತಂಗಿಯ ಮದುವೆಯ ಸುಸ್ತಿನಲ್ಲಿ ಬಂದು ಕೋಣೆಯ ಬಾಗಿಲು ತೆರೆದವನಿಗೆ ಕಪಾಟಿನ ಮೇಲೆ ಡಬ್ಬ ಕಾಣದೆ ಗಾಬರಿಯಾಗಿರಬೇಕು. ಮೊದಲು ಇಷ್ಟನ್ನು ಓದು. ನಿನ್ನ ಜೇಡ ಮಖಮಲ್ ಬದುಕಿದೆ. ಪೊರೆ ಕಳಚಿದೆ. ಒಂದು ಕಾಲು ಹೋಗಿದೆ. ಅದೀಗ ನೆರಿಯದಲ್ಲಿ, ನಮ್ಮ ದೊಡ್ಡಮ್ಮನ ಮನೆಯ ಅಕ್ಕಿ ಇಡುವ ಕೋಣೆಯಲ್ಲಿದೆ. ನಿನ್ನೆ ಫೋನಿನಲ್ಲಿ ನಾನು ಮೂಡುಬಿದಿರೆಯ ನಮ್ಮ ಕೋಣೆಯಲ್ಲೇ ಇದ್ದೇನೆ ಎಂದದ್ದು ಸುಳ್ಳು.

ಇದನ್ನೂ ಫೋನಿನಲ್ಲೇ ಹೇಳಬಹುದಿತ್ತು. ನಿನ್ನ ದನಿ ಕೇಳಿದರೆ ಮತ್ತೆ ಸುಳ್ಳೇ ಬಾಯಿಗೆ ಬಂದೀತೆಂದು ಹೆದರಿ ಬರೆಯುತ್ತಿದ್ದೇನೆ.

ಕನ್ಯಾನದಲ್ಲಿ ನಿಮ್ಮ ಹಲಸಿನ ಮರ ಕಡಿದಾಗ ಪೊಟರೆಯಿಂದ ಹೊರಬಿದ್ದ ಆ ಟರಂಟುಲಾ ಜೇಡವನ್ನು ನೀನು ಪೊರಕೆಯ ಪೆಟ್ಟಿನಿಂದ ಉಳಿಸಿ ತಂದವನು. ನಾನೋ, ಅದನ್ನು ಡಬ್ಬದಲ್ಲಿಡಲು ನಿನಗೆ ಯಾರು ಅಧಿಕಾರ ಕೊಟ್ಟರು ಎಂದು ಕೇಳಿದವನು. ಹೆಸರಿಡುವುದೂ ಒಂದು ಯಜಮಾನಿಕೆ ಎಂದು ಒಂದು ಸಂಜೆಯಿಡೀ ವಾದಿಸಿದ್ದೆ. ನೀನು ನಗುತ್ತಾ ಇಬ್ಬರ ತಟ್ಟೆಯನ್ನೂ ತೊಳೆದಿಟ್ಟೆ.

ಊರಿಗೆ ಹೊರಟ ದಿನ ನೀನು ಬಾಗಿಲಲ್ಲೇ ನಿಂತು, ಅದು ಊಟ ಬಿಟ್ಟಿದೆ, ಹೆದರಬೇಡ, ಡಬ್ಬ ಮುಟ್ಟಬೇಡ ಎಂದೆ. ಬಸ್ಸಿಗೆ ಹೊತ್ತಾಗಿತ್ತು. ಯಾಕೆಂದು ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಜೈಲಿನಲ್ಲಿ ಅನ್ನ ಬಿಟ್ಟು ಕೂತವರ ಬಗ್ಗೆ ಎಷ್ಟೊಂದು ಪುಸ್ತಿಕೆಗಳನ್ನು ಓದಿದ್ದೇನೆ! ಡಬ್ಬಕ್ಕೆ ಹಾಕಿದ ಜಿರಳೆ ಕಾಲ ಮೇಲೆಯೇ ನಡೆದುಹೋದರೂ ಮಖಮಲ್ ಅದನ್ನು ಹಿಡಿಯದೆ ಹಿಂದೆ ಸರಿಯಿತು. ಇದು ಸತ್ಯಾಗ್ರಹ ಎಂದು ನನಗೆ ಅನ್ನಿಸಿತು. ತಮಾಷೆಗಲ್ಲ ಅಝೀಮ್, ನಿಜವಾಗಿ ನಂಬಿದೆ. 'ಡಬ್ಬದೊಳಗಿನ ಉಪವಾಸ' ಎಂಬ ತಲೆಬರಹ ಕೊಟ್ಟು ಎರಡು ಮಗ್ಗುಲಿನ ಕರಪತ್ರವನ್ನೇ ಬರೆದೆ. ಅದರಲ್ಲಿ ನಿನ್ನನ್ನು 'ನಗುಮುಖದ ಜೈಲರ್' ಎಂದು ಕರೆದಿದ್ದೇನೆ. ಅಚ್ಚಿಗೆ ಕೊಟ್ಟಿಲ್ಲ. ಕೊಡುವವನಿದ್ದೆ.

ನಿನ್ನೆ ಬೆಳಿಗ್ಗೆ ಡಬ್ಬ ಎತ್ತಿಕೊಂಡು ಬಸ್ಸು ಹತ್ತಿದೆ. ನಮ್ಮೂರಿನ ಕಾಡಂಚಿನಲ್ಲಿ ಬಿಟ್ಟು, ಮುಚ್ಚಳ ಸಡಿಲವಿತ್ತು, ತಪ್ಪಿಸಿಕೊಂಡಿತು ಎಂದು ನಿನಗೆ ಹೇಳುವುದೆಂದು ತೀರ್ಮಾನಿಸಿದ್ದೆ. ವೇಣೂರು ದಾಟಿ ಬೆಳ್ತಂಗಡಿ ಮುಟ್ಟುವವರೆಗೂ ಆ ವಾಕ್ಯವನ್ನೇ ಮನಸ್ಸಿನಲ್ಲಿ ಉರುಹೊಡೆಯುತ್ತಿದ್ದೆ. ಮುಂದಿನ ಬಸ್ಸನ್ನು ಹಿಂದೆ ಹಾಕುವ ಆತುರದಲ್ಲಿ ಡ್ರೈವರ್ ತಿರುವಿನಲ್ಲೂ ಬ್ರೇಕ್ ಒತ್ತಲಿಲ್ಲ. ಮಡಿಲಲ್ಲಿದ್ದ ಡಬ್ಬ ಕುಲುಕುತ್ತಲೇ ಇತ್ತು.

ಮರದ ಬುಡದಲ್ಲಿ ಮುಚ್ಚಳ ತೆಗೆದರೆ ಮಖಮಲ್ ಅಂಗಾತ ಬಿದ್ದಿತ್ತು, ಕಾಲುಗಳು ಮೇಲಕ್ಕೆ. ಸತ್ತಿದೆ ಎಂದುಕೊಂಡೆ. ಆಗ ನಾನು ಮೊದಲು ಮಾಡಿದ್ದೇನು ಗೊತ್ತೇ? ಫೋನ್ ತೆಗೆದು 'ಹುತಾತ್ಮ' ಎಂದು ಟೈಪ್ ಮಾಡಿದೆ. ಮುಂದಿನ ಸಾಲು ಹೊಳೆಯದೆ, ಕೋಲಿನಿಂದ ಹೂಳಲು ಗುಂಡಿ ತೋಡತೊಡಗಿದೆ.

ಅಷ್ಟರಲ್ಲಿ ಕೆಂಪಿರುವೆಗಳು ಡಬ್ಬದ ಅಂಚು ಹತ್ತಿ ಒಳಗೆ ಇಳಿಯುತ್ತಿದ್ದವು. ಓಡಿಸಲು ಬಗ್ಗಿದವನಿಗೆ ಅದರ ಒಂದು ಕಾಲು ಅಲುಗಿದ್ದು ಕಂಡಿತು. ಮೈಯ ಮುಂಭಾಗ ಬಿರಿದು, ಒಳಗೆ ಏನೋ ಬಿಳಿಚಾದದ್ದು, ಒದ್ದೆಯಾದದ್ದು ಉಸಿರಾಡುವಂತೆ ಮಿಡಿಯುತ್ತಿತ್ತು. ಅದು ಪೊರೆ ಬಿಡುತ್ತಿತ್ತು. ಊಟ ಬಿಟ್ಟದ್ದೂ ಅದಕ್ಕೇ. ಆ ಹೊತ್ತಿನಲ್ಲಿ ಅದಕ್ಕೆ ಓಡಲೂ ಆಗದು, ಕಚ್ಚಲೂ ಆಗದು. ನಾನು ಕೊಡಲು ತಂದ ಸ್ವಾತಂತ್ರ್ಯ ಇರುವೆಯ ಸಾಲಾಗಿ ಅದರ ಕಡೆಗೆ ನಡೆಯುತ್ತಿತ್ತು. ಬರಿಗೈಯಲ್ಲಿ ಇರುವೆಗಳನ್ನು ಗುಡಿಸಿ ಹಾಕಿ, ಮುಚ್ಚಳ ಒತ್ತಿ ಮುಚ್ಚಿ ಓಡಿದೆ. ಪಂಜರ ಮುರಿಯಿರಿ ಎಂದು ಹಿಂದೊಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಕರಪತ್ರ ಹಂಚಿದ ಕೈ ಅದು.

ಸರಸ ದೊಡ್ಡಮ್ಮ ಡಬ್ಬದೊಳಗೆ ಇಣುಕಿದವರೇ ಬಾಗಿಲಿನಾಚೆ ಹಾರಿ ನಿಂತರು. ಅಲ್ಲಿಂದಲೇ ಕೇಳಿದರು:

"ನಾಲ್ಕು ತಿಂಗಳಿಂದ ಮನೆಗೆ ಬಾರದವ ಈಗ ಜೇಡದ ಬಾಣಂತನಕ್ಕೆ ಬಂದದ್ದಾ?"

ಹಾಗೆಂದರೂ ಅಕ್ಕಿ ಕೋಣೆಯಲ್ಲಿ ಜಾಗ ಮಾಡಿಕೊಟ್ಟರು. ಇರುವೆ ಬಾರದಂತೆ ದೊಡ್ಡ ಹರಿವಾಣದಲ್ಲಿ ನೀರು ತುಂಬಿ, ನಡುವೆ ಮಣೆ ಇಟ್ಟು, ಅದರ ಮೇಲೆ ಡಬ್ಬ ಇಡಿಸಿದರು.

ಎಷ್ಟು ಹೊತ್ತಾದರೂ ಕಾಲುಗಳು ಹೊರಗೆ ಬರಲಿಲ್ಲ. ಆಮೇಲೆ ನಿನಗೆ ಫೋನ್ ಮಾಡಿದೆ. ನೀನು ನಿಖಾದ ಊಟದ ಹಾಲ್‌ನಿಂದ ಹೊರಗೆ ಬಂದು ಮಾತನಾಡಿದೆ. ಡಬ್ಬ ಯಾರಾದರೂ ಅಲುಗಾಡಿಸಿದರಾ ಎಂದು ಕೇಳಿದೆ. ನಾನು ಇಲ್ಲ ಎಂದೆ. ನೀನು ಮತ್ತೆ ಕೇಳಲಿಲ್ಲ.

"ಹಾಗಾದ್ರೆ ತೇವ ಕಮ್ಮಿಯಾಗಿ ಚರ್ಮ ಅಂಟಿದೆ, ನಂದೇ ತಪ್ಪು," ಎಂದೆ ನೀನು. "ಉಗುರು ಬಿಸಿ ನೀರಲ್ಲಿ ಬ್ರಷ್ ಅದ್ದಿ ಹಳೆ ಚರ್ಮ ಮಾತ್ರ ಒದ್ದೆ ಮಾಡು. ಎಳೀಬೇಡ ಮಾರಾಯ. ಅದೇ ಬಿಡಿಸಿಕೊಳ್ತದೆ, ನೀನು ಸುಮ್ಮನೆ ಕೂತ್ಕೊ. ನೀನು ಅಲ್ಲಿದ್ದದ್ದು ಒಳ್ಳೇದಾಯ್ತು. ಬೇರೆ ಯಾರಾದ್ರೂ ಆಗಿದ್ರೆ ಸತ್ತಿದೆ ಅಂತ ಬಿಸಾಡ್ತಿದ್ರು."

ಹಿಂದಿನಿಂದ ನಿನ್ನ ತಂದೆ ಇಬ್ರಾಹಿಂ ಖಲೀಲ್ ಸಾಹೇಬರು ಯಾರ ಫೋನೆಂದು ಕೇಳಿದರು. ನೀನು ಹೇಳಿದೆ. ಅವರು ಫೋನ್ ತೆಗೆದುಕೊಂಡು, ಜೇಡದ ಡಾಕ್ಟರರಿಗೆ ಬಿರಿಯಾನಿ ಕಟ್ಟಿಸಿ ಕಳುಹಿಸುತ್ತೇನೆ ಎಂದರು. ನಾನು ನಕ್ಕೆ. ಸುಳ್ಳು ಹೇಳಿದ್ದಕ್ಕಿಂತ ಆ ನಗು ಈಗ ಹೆಚ್ಚು ಚುಚ್ಚುತ್ತಿದೆ.

ದೊಡ್ಡಮ್ಮನ ಮಗ ಅಶ್ವಿತ್‌ನ ಹಳೆಯ ಬಣ್ಣದ ಬ್ರಷ್ ಸಿಕ್ಕಿತು. ಹನಿ ಹನಿಯಾಗಿ ಒದ್ದೆ ಮಾಡುತ್ತಾ ಕೂತೆ. ಒದ್ದೆ ಕಾಲುಚೀಲದಿಂದ ಕಾಲು ಬಿಡಿಸಿಕೊಳ್ಳುವ ಹಾಗೆ ಒಂದೊಂದೇ ಕಾಲು ಹೊರಗೆ ಬಂತು. ಎಡಗಡೆಯ ಹಿಂದಿನದೊಂದು ಮಾತ್ರ ಹಳೆಯ ಚರ್ಮದಲ್ಲೇ ಉಳಿಯಿತು. ಕೊನೆಗೆ ಅದು ತಾನಾಗಿ ಕಳಚಿಕೊಂಡಿತು. ರಕ್ತ ಕೆಂಪಗಿರಲಿಲ್ಲ, ನೀರಿನ ಹಾಗಿತ್ತು. ನಯವಾದ ಹಿಟ್ಟು ಒತ್ತಿದರೆ ನಿಲ್ಲುತ್ತದೆ ಎಂದು ನೀನು ಫೋನಿನಲ್ಲಿ ಹೇಳಿದ್ದೆಯಲ್ಲ, ದೊಡ್ಡಮ್ಮ ಅಕ್ಕಿ ಹಿಟ್ಟು ಕೊಟ್ಟರು. ನಿಂತಿತು.

ಈಗ ಅದು ಮಗುಚಿಕೊಂಡು ಕಾಲ ಮೇಲೆ ನಿಂತಿದೆ. ಹಲ್ಲುಗಳು ಇನ್ನೂ ಬೆಳ್ಳಗೆ, ಮೆತ್ತಗೆ. ಊಟ ಕೊಟ್ಟಿಲ್ಲ, ನೀರಿಟ್ಟಿದ್ದೇನೆ. ಗಟ್ಟಿಯಾಗುವವರೆಗೆ ಜಾಗ ಬದಲಿಸುವ ಹಾಗಿಲ್ಲ. ಆದ್ದರಿಂದ ನೀನೇ ಇಲ್ಲಿಗೆ ಬಾ. ಅಶ್ವಿತ್ ಈ ಪತ್ರವನ್ನು ಮೂಡುಬಿದಿರೆಗೆ ತಂದು ನಿನ್ನ ಮೇಜಿನ ಮೇಲಿಡುತ್ತಾನೆ. ನನ್ನ ಮುಖ ಕಾಣಬಾರದು ಎಂದಿದ್ದರೆ ಅವನಿಗೆ ಹೇಳು. ನಾನು ಬಂಟ್ವಾಳಕ್ಕೆ ಅಕ್ಕನ ಮನೆಗೆ ಹೋಗುತ್ತೇನೆ. ದೊಡ್ಡಮ್ಮ ಡಬ್ಬ ನೋಡಿಕೊಳ್ಳುತ್ತಾರೆ. ಬೆಳಿಗ್ಗೆಯಿಂದ ಅವರೇ ಹೋಗಿ ಹೋಗಿ, ಈಗ ಹೇಗುಂಟು ಎಂದು ಅದನ್ನೇ ಕೇಳುತ್ತಿದ್ದಾರೆ.

ಕಾಡಿನ ಜೀವ ಕಾಡಿನಲ್ಲೇ ಇರಬೇಕೆಂಬ ಮಾತನ್ನು ನಾನು ಈಗಲೂ ಬಿಟ್ಟಿಲ್ಲ. ಆದರೆ ಅದನ್ನು ನಿನ್ನೆದುರು ಕೂತು ಹೇಳಿ ಜಗಳವಾಡಬೇಕಿತ್ತು. ನಿನ್ನ ಬೆನ್ನ ಹಿಂದೆ ಬಸ್ಸು ಹತ್ತುವುದಕ್ಕೆ ಯಾವ ಸಿದ್ಧಾಂತವೂ ಬೇಕಿರಲಿಲ್ಲ.

ನಿನ್ನ ಉತ್ತರಕ್ಕೆ ಹೆದರುತ್ತಾ, ಅದಕ್ಕೇ ಕಾಯುತ್ತಾ,
ಶೋಧನ್

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಹರಿದೆ. ಆ ಕಾಲು ತಾನಾಗಿ ಕಳಚಲಿಲ್ಲ. ನಾನು ಎಳೆದೆ. ದೊಡ್ಡಮ್ಮ ಬೇಡ ಎಂದರು, ನೀನೂ ಬೇಡ ಎಂದಿದ್ದೆ. ಅದರ ಸಂಕಟ ನೋಡಲಾಗದೆ ಎಳೆದೆ ಎಂದು ಬರೆಯಲು ಹೊರಟೆ, ಅದೂ ಸುಳ್ಳು. ಬೇಗ ಮುಗಿದರೆ ಸಂಜೆಯ ಬಸ್ಸಿಗೆ ಹೋಗಿ ಡಬ್ಬವನ್ನು ಮೊದಲಿನ ಜಾಗದಲ್ಲೇ ಇಟ್ಟುಬಿಡಬಹುದು, ನಿನಗೆ ಏನೂ ಗೊತ್ತಾಗುವುದಿಲ್ಲ ಎಂದು ಎಳೆದೆ.