ಹನ್ನೊಂದು ಗಂಟೆಗೆ ಎರಡು ಶಾಸ್ತ್ರ

ವಿಶ್ವವಿದ್ಯಾಲಯದ ಗಡಿಯಾರಕ್ಕೆ ಕೀಲಿ ಕೊಡುವ ವೇಳಾಪಟ್ಟಿ ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಬಿ.ಎ. ಮೊದಲ ವರ್ಷದಲ್ಲಿ ಅರ್ಥಶಾಸ್ತ್ರವನ್ನೂ ತತ್ತ್ವಶಾಸ್ತ್ರವನ್ನೂ ಒಟ್ಟಿಗೆ ಓದಬಹುದೆಂದು ತಮ್ಮ ಕೈಪಿಡಿ ಹೇಳುತ್ತದೆ. ಎರಡೂ ತರಗತಿಗಳು ಬೆಳಿಗ್ಗೆ ಹನ್ನೊಂದಕ್ಕೇ ಎಂದು ತಮ್ಮ ವೇಳಾಪಟ್ಟಿ ಹೇಳುತ್ತದೆ. ಕೈಪಿಡಿಯನ್ನು ನಂಬಿದ ನನ್ನ ಮಗಳು ಒಂದು ವರ್ಷ ಕಳೆದುಕೊಂಡಳು. ಈ ಜುಲೈಯಲ್ಲಿ ಹೊಸ ವೇಳಾಪಟ್ಟಿ ಅಂಟಿಸಿದ್ದೀರಿ; ಮತ್ತೆ ಎರಡೂ ಹನ್ನೊಂದಕ್ಕೇ. ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ಸಂತೋಷದ ಸಮಾಚಾರ, ಅದನ್ನು ಹೇಳದೆ ನನ್ನಿಂದ ಇರಲಾಗುತ್ತಿಲ್ಲ.

ಇದೇ ವಿಷಯವನ್ನು ತಮಗೆ ಹಿಂದಿಯಲ್ಲಿ ಹಲವು ಸಲ, ಇಂಗ್ಲಿಷಿನಲ್ಲಿ ಒಮ್ಮೆ ಬರೆದೆ. ಉತ್ತರ ಬರಲಿಲ್ಲ. ಹೇಗೂ ಓದುವವರಿಲ್ಲ ಎಂದಮೇಲೆ ಭಾಷೆಯ ಆಯ್ಕೆ ನನ್ನದೇ ಅಲ್ಲವೇ? ಆದ್ದರಿಂದ ನನ್ನ ಮನೆಮಾತಿನಲ್ಲಿ, ಒಂದು ಕನ್ನಡ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಇಲ್ಲಿ ಓದುಗರಿದ್ದಾರೆ. ತಾವೊಬ್ಬರು ಅವರ ಪೈಕಿ ಇಲ್ಲದಿದ್ದರೆ ಅದು ಈ ಪತ್ರದ ಸಣ್ಣ ಲೋಪ. ತಮ್ಮ ಸಂಸ್ಥೆಯ ಹೆಸರು ಬರೆಯುವುದಿಲ್ಲ, ಮಗಳು ಇನ್ನೂ ಅಲ್ಲಿಯೇ ಓದಬೇಕು.

ನಮ್ಮ ಮನೆ ವಾರಾಣಸಿಯ ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿದೆ. ಕರ್ನಾಟಕದಿಂದ ಅಸ್ಥಿ ತರುವವರಿಗೆ ಹರಿಶ್ಚಂದ್ರ ಘಾಟಿನ ಬಳಿ ಕ್ರಿಯೆ ಮಾಡಿಸುವುದು ನನ್ನ ಅಜ್ಜನ ಕಾಲದಿಂದ ನಮ್ಮ ವೃತ್ತಿ. ಮನೆಯಲ್ಲಿ ಕನ್ನಡ, ಹೊಸಿಲು ದಾಟಿದರೆ ಹಿಂದಿ, ಸಿಟ್ಟು ಬಂದರೆ ಎರಡೂ. ಹೋದ ವರ್ಷ ಮಗಳು ಪ್ರಿಯಂವದಾ ಕಾಲೇಜಿಗೆ ಸೇರುವಾಗ, ಇವೆರಡೇ ವಿಷಯ ಯಾಕೆ ಎಂದು ಕೇಳಿದೆ.

"ಅಪ್ಪ, ನಿಮ್ಮ ಹತ್ರ ಬರೋ ಜನ ಎರಡೇ ಪ್ರಶ್ನೆ ಕೇಳ್ತಾರೆ," ಎಂದಳು. "ಹೋದವರು ಎಲ್ಲಿಗೆ ಹೋದ್ರು, ಇದಕ್ಕೆಲ್ಲ ಎಷ್ಟಾಗತ್ತೆ. ಬಚ್‌ಪನ್‌ಸೇ, ಸಣ್ಣವಳಿದ್ದಾಗಿಂದ ಕೇಳ್ತಿದೀನಿ. ಎರಡಕ್ಕೂ ನೀವು ಕೊಡೋ ಉತ್ತರ ನಂಗೆ ಸರಿ ಅನ್ಸಿಲ್ಲ."

ಇಂಥ ಕಾರಣಕ್ಕೆ ಯಾವ ತಂದೆ ತಾನೇ ಇಲ್ಲವೆಂದಾನು? ತರಗತಿಗಳ ಘರ್ಷಣೆ ಗೊತ್ತಾದಾಗ ಇಬ್ಬರೂ ತಮ್ಮ ಕಚೇರಿಗೆ ಬಂದೆವು. ತಮ್ಮ ಗುಮಾಸ್ತರು ಕನ್ನಡಕದ ಮೇಲಿನಿಂದ ನೋಡಿ, "ದೋನೋಂ ಏಕ್ ಸಾಥ್ ಕೌನ್ ಪಢ್‌ತಾ ಹೈ, ಪಂಡಿತ್‌ಜೀ?" ಎಂದರು. ಎರಡನ್ನೂ ಒಟ್ಟಿಗೆ ಯಾರು ಓದುತ್ತಾರೆ ಎಂಬ ಪ್ರಶ್ನೆ. ಓದಲು ಬಂದವಳು ಅವರ ಮೂಗಿನೆದುರೇ ನಿಂತಿದ್ದಳು. ಕಣ್ಣಿಗೆ ಕಾಣುವ ವಸ್ತು ಇದೆಯೋ ಇಲ್ಲವೋ ಎಂಬ ಜಿಜ್ಞಾಸೆ ತತ್ತ್ವಶಾಸ್ತ್ರ ವಿಭಾಗದಲ್ಲಿ ಮಾತ್ರ ನಡೆಯುತ್ತದೆಂದು ನಾನು ತಿಳಿದಿದ್ದೆ. ತಮ್ಮ ಕಚೇರಿ ಅದರಲ್ಲಿ ಬಹಳ ಮುಂದುವರಿದಿದೆ.

ನನ್ನ ಕೆಲಸ ಹತ್ತರೊಳಗೆ ಮುಗಿಯುತ್ತದೆ. ಮಗಳು ಒಂದು ತರಗತಿಯಲ್ಲಿದ್ದಾಗ ನಾನು ಇನ್ನೊಂದರಲ್ಲಿ ಕೂತು ಕೇಳುವುದು, ಸಂಜೆ ಅವಳಿಗೆ ಹೇಳುವುದು ಎಂದು ಗೊತ್ತುಮಾಡಿದೆವು. "ನೀವು ತತ್ತ್ವಶಾಸ್ತ್ರಕ್ಕೆ ಹೋಗಿ, ನಿಮಗೆ ಅಭ್ಯಾಸ ಇದೆ," ಎಂದಳು. ಬೆಳಗಿನಿಂದ ಆತ್ಮದ ವಿಚಾರ ಮಾತಾಡಿ ನಾಲಿಗೆ ಒಣಗಿದವನಿಗೆ ಹನ್ನೊಂದಕ್ಕೂ ಅದೇ ಆಗಬೇಕೇ? ನನಗೆ ಅರ್ಥಶಾಸ್ತ್ರವೇ ಬೇಕೆಂದು ಹಟ ಹಿಡಿದೆ. ನನ್ನ ಹೆಂಡತಿ ಅನಂತಲಕ್ಷ್ಮಿ ನಡುವೆ ಬಂದು, "ದಿನ ಬಿಟ್ಟು ದಿನ ಬದಲಾಯಿಸ್ಕೊಳ್ಳಿ, ಸದ್ಯ ಊಟಕ್ಕೆ ಏಳಿ," ಎಂದು ತೀರ್ಪು ಕೊಟ್ಟಳು. ಹಾಗೆ, ಐವತ್ತು ದಾಟಿದ ನಾನು ಎರಡು ಶಾಸ್ತ್ರಗಳ ವಿದ್ಯಾರ್ಥಿಯಾದೆ.

ಮೊದಲ ದಿನ ಅರ್ಥಶಾಸ್ತ್ರದ ಕೋಣೆಗೆ ಕಾಲಿಟ್ಟಾಗ ಹುಡುಗರೆಲ್ಲ ಎದ್ದು ನಿಂತು ನಮಸ್ಕಾರ ಮಾಡಿದರು. ನನ್ನ ಪಂಚೆ, ಹಣೆಯ ಗಂಧ ನೋಡಿ ಹೊಸ ಪ್ರಾಧ್ಯಾಪಕರು ಎಂದುಕೊಂಡಿದ್ದರು. ನಾನು ಆಶೀರ್ವಾದ ಮಾಡಿ ಕೊನೆಯ ಬೆಂಚಿಗೆ ಹೋಗಿ ಕೂತೆ. ನಿಜವಾದ ಅಧ್ಯಾಪಕಿ ಗಿರಿಜಾದೇವಿಯವರು ಬಂದರು. ನೇರವಾಗಿ ನನ್ನ ಹತ್ತಿರ ಬಂದು, ಇಲ್ಲಿ ಯಾವ ಪೂಜೆ ಎಂದು ಹಿಂದಿಯಲ್ಲಿ ಕೇಳಿದರು. ವಿಷಯ ಹೇಳಿದೆ. ಅವರು ಎಷ್ಟು ನಕ್ಕರೆಂದರೆ ಸೀಮೆಸುಣ್ಣ ಕೆಳಗಿಡಬೇಕಾಯಿತು.

"ಕೂತ್ಕೊಳ್ಳಿ, ಪಂಡಿತ್‌ಜೀ. ಆದರೆ ಪ್ರಶ್ನೆ ಕೇಳಿದರೆ ಉತ್ತರ ಹೇಳಬೇಕು," ಎಂದರು.

ಒಂದು ಮಾತು ಸ್ಪಷ್ಟಪಡಿಸುತ್ತೇನೆ: ಮಗಳ ಹೆಸರು ಕೂಗಿದಾಗ ನಾನು ಬಾಯಿ ತೆರೆದವನಲ್ಲ. ಹಾಜರಿ ನನಗೆ ಬೇಕಿರಲಿಲ್ಲ. ಅಂದು ಅವರು ಹೇಳಿದ್ದು, ಒಂದು ವಸ್ತುವಿನ ನಿಜವಾದ ಬೆಲೆ ಎಂದರೆ ಅದಕ್ಕಾಗಿ ನಾವು ಬಿಟ್ಟುಕೊಟ್ಟ ಇನ್ನೊಂದು ವಸ್ತು ಎಂದು. ಮಾನ್ಯರೇ, ಈ ಮಾತು ಕೇಳಿ ನನಗೆ ತಲೆ ತಿರುಗಿದಂತಾಯಿತು. ಸೈಕಲ್ಲನ್ನು ಅಲ್ಲಿಯೇ ಮರೆತು ಮನೆಯವರೆಗೂ ನಡೆದುಕೊಂಡು ಬಂದೆ. ಒಲೆಯ ಮುಂದಿದ್ದ ಹೆಂಡತಿಗೆ, "ಅನಂತಾ, ಈ ದೋಸೆಯ ಬೆಲೆ ಏನು ಗೊತ್ತಾ? ಈ ಹೊತ್ತಲ್ಲಿ ನೀನು ಮಾಡಬಹುದಾಗಿದ್ದ ಬೇರೆ ಕೆಲಸ," ಎಂದೆ.

ಅವಳು ದೋಸೆ ಮಗುಚಿ ಹಾಕಿ, "ಹಾಗಾದ್ರೆ ನಿಮ್ಮನ್ನ ಮದುವೆಯಾದದ್ದರ ಬೆಲೆ ಕೇಳ್ಬೇಡಿ," ಎಂದಳು. ಆಮೇಲೆ ಮಗಳಿಗೆ ಆ ಪಾಠ ಹೇಳಬೇಕಾದಾಗಲೆಲ್ಲ ನಾನು ಅವಳ ಅಮ್ಮನ ಈ ಉದಾಹರಣೆಯನ್ನೇ ಬಳಸಿದೆ. ಪರೀಕ್ಷೆಯ ತಯಾರಿಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಲ್ಲ.

ಮರುದಿನ ತತ್ತ್ವಶಾಸ್ತ್ರ. ಅಲ್ಲಿನ ವಿಶ್ವನಾಥ್‌ಜೀ ಕಡ್ಡಿಯಂಥ ಮನುಷ್ಯ, ದನಿಯೇ ಇಲ್ಲ. ಅವರು ಪ್ರತಿಯೊಬ್ಬರಿಗೂ ಕೇಳುವುದು ಒಂದೇ ಪ್ರಶ್ನೆ: "ಇದು ನಿಮಗೆ ಹೇಗೆ ಗೊತ್ತು?" ನಾನು ದೇಹ ಬೇರೆ, ಆತ್ಮ ಬೇರೆ ಎಂದು ಗಂಟಲು ತುಂಬ ಹೇಳಿದೆ. "ಹೇಗೆ ಗೊತ್ತು?" ಎಂದರು. ದಿನಕ್ಕೆ ಹತ್ತಾರು ಮಂದಿಗೆ ಹೇಳುವ ಮಾತು. ನನ್ನನ್ನು ಹಾಗೆ ಕೇಳಿದವರೇ ಇರಲಿಲ್ಲ. ಹುಡುಗರು ನನ್ನ ಮುಖ ನೋಡುತ್ತಿದ್ದರು. ಗೊತ್ತಿಲ್ಲ ಎಂದೆ. "ಶಾಬಾಶ್, ಇನ್ನು ಶುರುಮಾಡೋಣ," ಎಂದರು ಅವರು. ಗೊತ್ತಿಲ್ಲ ಎಂದದ್ದಕ್ಕೆ ಜೀವನದಲ್ಲಿ ಮೊದಲ ಸಲ ಹೊಗಳಿಸಿಕೊಂಡು ಹೊರಗೆ ಬಂದೆ. ಗಲ್ಲಿಯ ಗೂಳಿಗೂ ದಾರಿ ಬಿಡಲಿಲ್ಲ, ಅದೇ ಸರಿದು ನಿಂತಿತು.

ಎರಡನ್ನೂ ಒಟ್ಟಿಗೆ ಓದಿ ಏನುಪಯೋಗ ಎಂದು ತಾವು ಕೇಳಬಹುದು. ಒಂದು ಸಂಗತಿ ಹೇಳುತ್ತೇನೆ. ಕಾರ್ತಿಕದಲ್ಲಿ ಚಿತ್ರದುರ್ಗದಿಂದ ಕಾತ್ಯಾಯನಮ್ಮ ಎಂಬ ಹಿರಿಯರು ಗಂಡನ ಅಸ್ಥಿ ತಂದರು. ವಿಸರ್ಜನೆ ಆಯಿತು. ಆದರೂ ಅವರಿಗೆ ಸಮಾಧಾನವಿಲ್ಲ. ಇನ್ನೊಂದು ಕ್ರಿಯೆ ಮಾಡಿಸಲೇ, ಅದರ ಮೇಲೆ ಮತ್ತೊಂದು ಮಾಡಿಸಲೇ ಎಂದು ಕೇಳುತ್ತಲೇ ಇದ್ದರು. ನಾನು ಹಿಂದಿನ ಪವಮಾನ ಆಚಾರ್ಯನೇ ಆಗಿದ್ದರೆ ಎಲ್ಲವನ್ನೂ ಮಾಡಿಸಿಬಿಡುತ್ತಿದ್ದೆ. ಆದರೆ ಹಿಂದಿನ ದಿನವೇ ಗಿರಿಜಾದೇವಿಯವರು, ಒಂದೇ ವಸ್ತುವನ್ನು ಮತ್ತೆ ಮತ್ತೆ ಪಡೆದಾಗ ಪ್ರತಿಸಲವೂ ತೃಪ್ತಿ ಕಡಿಮೆಯಾಗುತ್ತ ಹೋಗುತ್ತದೆ ಎಂದು ಹೇಳಿದ್ದರು.

"ಅಮ್ಮಾ, ಮೊದಲನೆಯದರಲ್ಲಿ ಸಿಗದ ನೆಮ್ಮದಿ ಮೂರನೆಯದರಲ್ಲಿ ಸಿಗಲ್ಲ, ಕಾಲು ನೋವು ಸಿಗುತ್ತೆ," ಎಂದೆ.

ಅವರು ಗಂಗೆಯ ಕಡೆ ನೋಡಿ, "ಅವರು ಈಗ ಎಲ್ಲಾದ್ರೂ ಇದ್ದಾರಾ?" ಎಂದರು.

ಬಾಯಿಗೆ ಬಂದ ಶ್ಲೋಕವನ್ನು ನುಂಗಿಕೊಂಡೆ. "ನನಗೆ ಗೊತ್ತಿಲ್ಲ, ತಾಯಿ. ಹೇಗಿದ್ದರು, ಹೇಳಿ."

ಕಾತ್ಯಾಯನಮ್ಮ ಮೆಟ್ಟಿಲ ಮೇಲೆ ಕೂತರು. ಗಂಡ ಸಿನಿಮಾ ಟಾಕೀಸಿನಲ್ಲಿ ನಿದ್ದೆ ಮಾಡುತ್ತಿದ್ದದ್ದು, ಸಾಯುವವರೆಗೂ ಹಾಗಲಕಾಯಿ ಮುಟ್ಟದಿದ್ದದ್ದು, ಹಾರ್ಮೋನಿಯಂ ಕಲಿಯಲು ಹೋಗಿ ಅಕ್ಕಪಕ್ಕದವರಿಂದ ಬೈಸಿಕೊಂಡದ್ದು, ಎಲ್ಲ ಹೇಳಿದರು. ಹೇಳುತ್ತ ನಕ್ಕರು, ಜೊತೆಗೆ ಬಂದ ಅಳಿಯನೂ ನಕ್ಕ, ನಾನೂ ನಕ್ಕೆ. ಹೊರಡುವಾಗ, "ಈಗ ಸರಿಹೋಯ್ತು," ಎಂದರು. ಅರ್ಥಶಾಸ್ತ್ರ ಮಾತ್ರ ಓದಿದ್ದರೆ ಬೇಡವೆಂದು ಹೇಳಿ ಎದ್ದು ಹೋಗುತ್ತಿದ್ದೆ. ತತ್ತ್ವಶಾಸ್ತ್ರ ಮಾತ್ರ ಓದಿದ್ದರೆ ಆ ಮುತ್ತೈದೆತನ ಕಳೆದುಕೊಂಡ ಜೀವದ ಜೊತೆ ವಾದಕ್ಕಿಳಿಯುತ್ತಿದ್ದೆ.

ಫೆಬ್ರವರಿಯಲ್ಲಿ ಗಿರಿಜಾದೇವಿಯವರಿಗೆ ಕುತೂಹಲ ತಡೆಯಲಾಗಲಿಲ್ಲ. ನಮ್ಮಿಬ್ಬರಲ್ಲಿ ಒಬ್ಬರನ್ನು ದಿನವೂ ಕಸಿದುಕೊಳ್ಳುವ ಆ ತತ್ತ್ವಶಾಸ್ತ್ರದವರು ಯಾರೆಂದು ನೋಡಲು ಹೋದರು. ಬಹಳ ವರ್ಷಗಳಿಂದ ಅಕ್ಕಪಕ್ಕದ ಕಟ್ಟಡಗಳಲ್ಲಿ ಪಾಠ ಮಾಡುತ್ತಿದ್ದ ಇಬ್ಬರೂ ಅಂದು ಮೊದಲ ಬಾರಿ ಮಾತಾಡಿದರು. ಮಾತು ಜಗಳವಾಯಿತು. ಮನುಷ್ಯನಿಗೆ ಎಷ್ಟಿದ್ದರೆ ಸಾಕು ಎಂಬುದು ಜಗಳದ ವಿಷಯ. ಅದು ಮುಗಿಯದೆ, ಮರುದಿನ ಎರಡೂ ತರಗತಿಗಳನ್ನು ಬೇವಿನ ಮರದ ಕೆಳಗೆ ಕೂರಿಸಿ ಮುಂದುವರಿಸಿದರು. ಹುಡುಗರು ನೆಲದ ಮೇಲೆ, ಸೈಕಲ್ ಕ್ಯಾರಿಯರ್ ಮೇಲೆ, ಕಟ್ಟೆಯ ಮೇಲೆ ಕೂತರು. ನಾನೂ ಪ್ರಿಯಂವದಾಳೂ ಆ ವರ್ಷದಲ್ಲಿ ಒಂದೇ ಒಂದು ದಿನ ಪಕ್ಕಪಕ್ಕ ಕೂತೆವು. ವಿಶ್ವನಾಥ್‌ಜೀಗೆ ದನಿ ಇದೆ ಎಂದು ಗೊತ್ತಾದದ್ದು ಅಂದೇ. ಊಟದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಎದ್ದವರು ತಮ್ಮ ಕಚೇರಿಯ ಜವಾನರೊಬ್ಬರೇ. ಅವರು ಹೋಗಿ ತಮಗೆ ವರದಿ ಮಾಡಿದರು. ಮರದ ಕೆಳಗೆ ಅನುಮತಿಯಿಲ್ಲದೆ ಪಾಠ ಮಾಡಿದ್ದೇಕೆ ಎಂದು ಇಬ್ಬರಿಗೂ ನೋಟಿಸು ಬಂತು.

ಅದರ ಬೆನ್ನಿಗೇ ನನ್ನ ಮಗಳಿಗೂ ಬಂತು. ಎರಡು ವಿಷಯಗಳಲ್ಲೂ ಅವಳ ಹಾಜರಾತಿ ಅರ್ಧ. ಮುಕ್ಕಾಲು ಇಲ್ಲದವರು ಪರೀಕ್ಷೆಗೆ ಕೂರುವಂತಿಲ್ಲ. ವರ್ಷವಿಡೀ ಒಂದು ದಿನವೂ ತಪ್ಪಿಸದೆ ಹನ್ನೊಂದಕ್ಕೆ ತರಗತಿಯಲ್ಲಿದ್ದ ಹುಡುಗಿ ಇಡೀ ವಿಶ್ವವಿದ್ಯಾಲಯದಲ್ಲಿ ಅವಳೊಬ್ಬಳೇ ಇರಬೇಕು. ತಮ್ಮ ಕೋಣೆಗೆ ಬಂದೆವು. ತಮಗೆ ನೆನಪಿರಲಾರದು. ತಾವು ದಯಾಪರರಾಗಿಯೇ ಮಾತಾಡಿದಿರಿ: "ಒಂದನ್ನು ಬಿಟ್ಟುಬಿಡಿ, ಇನ್ನೊಂದರ ಹಾಜರಾತಿ ನಾನು ನೋಡಿಕೊಳ್ಳುತ್ತೇನೆ."

"ಯಾವುದನ್ನ ಬಿಡಲಿ, ಸರ್?" ಎಂದಳು ಪ್ರಿಯಂವದಾ ಹಿಂದಿಯಲ್ಲಿ.

"ಯಾವುದಾದರೂ ಸರಿ."

"ಬಿಟ್ಟರೆ ಏನು ಕಳ್ಕೋತೀನಿ ಅಂತ ತಿಳಿಯೋಕೆ ಅರ್ಥಶಾಸ್ತ್ರ ಬೇಕು. ಕಳ್ಕೊಳ್ಳೋದು ದೊಡ್ಡದೋ ಸಣ್ಣದೋ ಅಂತ ತಿಳಿಯೋಕೆ ತತ್ತ್ವಶಾಸ್ತ್ರ ಬೇಕು. ಎರಡೂ ಮುಗಿದ ಮೇಲೆ ಬಂದು ಹೇಳ್ತೀನಿ, ಸರ್."

ತಾವು ಗಂಟೆ ಒತ್ತಿ ಮುಂದಿನವರನ್ನು ಕರೆದಿರಿ. ಹೊರಗೆ ಬಂದು ಅವಳು ಮೆಟ್ಟಿಲ ಮೇಲೆ ಕೂತು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ನಾನು ಪಕ್ಕದಲ್ಲಿ ನಿಂತೆ. ದುಪಟ್ಟಾ ತೆಗೆದಾಗ ನೋಡುತ್ತೇನೆ, ನಗುತ್ತಿದ್ದಾಳೆ. ಕಣ್ಣಲ್ಲಿ ನೀರೂ ಇತ್ತು.

"ಅಪ್ಪ, ಫಸ್ಟ್ ಇಯರ್ ಇನ್ನೊಂದ್ಸಲ ಓದ್ತೀನಿ. ಎರಡೂ. ನೀವೂ ಓದ್ಬೇಕಾಗತ್ತೆ, ನಿಮ್ಮ ಹಾಜರಾತಿನೂ ಅರ್ಧವೇ."

ಅವಳ ಓರಗೆಯವರು ಮುಂದೆ ಹೋಗುತ್ತಾರೆ ಎಂಬ ನೋವು ನನಗೆ ಇತ್ತು, ಈಗಲೂ ಇದೆ. ಆದರೆ ಅಂದು ಕಂಟೋನ್ಮೆಂಟಿನವರೆಗೆ ಆಟೋದಲ್ಲಿ ಹೋಗಿ, ಯಾವ ಹಬ್ಬವೂ ಇಲ್ಲದೆ ಇಬ್ಬರೂ ಮಣ್ಣಿನ ಕುಡಿಕೆ ತುಂಬ ಲಸ್ಸಿ ಕುಡಿದು, ಮೂಗಿಗೆಲ್ಲ ಕೆನೆ ಮೆತ್ತಿಕೊಂಡು ಬಂದೆವು.

ಇನ್ನು ಬೇಡಿಕೆ. ಬೇವಿನ ಮರದ ಸುದ್ದಿ ಹಬ್ಬಿ ಈ ವರ್ಷ ಇನ್ನೂ ಕೆಲವು ಮಕ್ಕಳು ಎರಡೂ ವಿಷಯ ತೆಗೆದುಕೊಂಡಿದ್ದಾರೆ. ನನಗಿರುವುದು ಒಂದೇ ಜೊತೆ ಕಿವಿ, ಎಲ್ಲರ ಪರವಾಗಿ ಕೂರಲಾರೆ. ತತ್ತ್ವಶಾಸ್ತ್ರದ ಕೋಣೆ ಹನ್ನೆರಡಕ್ಕೆ ಖಾಲಿ ಇರುತ್ತದೆ. ನಾನೇ ನೋಡಿದ್ದೇನೆ, ಮೇಜಿನ ಮೇಲೆ ಒಂದು ಕೋತಿ ಮಾತ್ರ ಇರುತ್ತದೆ. ಆ ತರಗತಿಯನ್ನು ಒಂದು ಗಂಟೆ ಮುಂದಕ್ಕೆ ಸರಿಸಿ. ಆಗದಿದ್ದರೆ ಬೇರೆ ಏರ್ಪಾಡು ಸಿದ್ಧವಿದೆ. ಇಲ್ಲಿನ ನಮ್ಮ ಕಡೆಯ ಮಠವೊಂದರಲ್ಲಿ ಅಡುಗೆ ಮಾಡುವ ವೀರಮ್ಮನ ಮಗಳು ಭವಾನಿಯೂ ಎರಡಕ್ಕೂ ಸೇರಿದ್ದಾಳೆ. ಮೊನ್ನೆ ವೀರಮ್ಮ ಬಂದು ಕೇಳಿದರು: "ನಾ ಸಾಲಿ ಕಲ್ತಾಕಿ ಅಲ್ರೀ. ಕುಂತು ಕೇಳಾಕ ಓದು ಬರಹ ಬೇಕೇನ್ರೀ?"

ಬೇಡವೆಂದೆ.

"ಹಂಗಾದ್ರ ನಾನೂ ಬರ್ತೀನ್ರೀ. ತಿಳೀಲಿಲ್ಲಂದ್ರ ಕೈ ಎತ್ತಬೇಕಂತಲ್ರೀ, ಎತ್ತೇ ಎತ್ತತೀನಿ."

ದೋಣಿ ನಡೆಸುವ ಕೈಲಾಸನೂ ಮಗನಿಗಾಗಿ ಬರುತ್ತಾನಂತೆ. ಸೀರೆ ಅಂಗಡಿಯವರೊಬ್ಬರು ಸೊಸೆಗಾಗಿ. ಆದ್ದರಿಂದ ಒಂದೋ ಗಂಟೆ ಬದಲಿಸಿ, ಇಲ್ಲವೇ ಹಿಂದಿನ ಸಾಲಿಗೆ ಬೆಂಚು ಹಾಕಿಸಿ. ಯಾವುದು ಅಗ್ಗವೆಂದು ಅರ್ಥಶಾಸ್ತ್ರ ವಿಭಾಗದವರು ಹೇಳುತ್ತಾರೆ, ಯಾವುದು ಸರಿಯೆಂದು ತತ್ತ್ವಶಾಸ್ತ್ರ ವಿಭಾಗದವರು. ಇಬ್ಬರನ್ನೂ ಕೂಡಿಸಿ ಕೇಳುವ ಮನಸ್ಸಿದ್ದರೆ ಹನ್ನೊಂದಕ್ಕೆ ಮಾತ್ರ ಹೋಗಬೇಡಿ, ಆಗ ಇಬ್ಬರೂ ಪಾಠದಲ್ಲಿರುತ್ತಾರೆ.

ಇಂತಿ,
ತಮ್ಮ ಯಾವ ಹಾಜರಿಯಲ್ಲೂ ಇಲ್ಲದ, ಎರಡೂ ಶಾಸ್ತ್ರಗಳಲ್ಲಿ ಅರ್ಧರ್ಧ ಕಲಿತ,
ಪವಮಾನ ಆಚಾರ್ಯ
ಕೇದಾರ ಘಾಟ್, ವಾರಾಣಸಿ
ಜುಲೈ 2007