ಕಪ್ಪು ಕೊಡೆಯ ಕೆಂಪು ಹೊಲಿಗೆ

ಅಪ್ಪಾ,

ಚೀಲ ಹೊಲಿಯೋಣವೆಂದು ಗುಜರಿ ಅಂಗಡಿಯಿಂದ ಹಳೆ ಕೊಡೆಗಳ ಒಂದು ಹೊರೆಯನ್ನೇ ತಂದಿದ್ದೆ. ಬೆಳಗ್ಗೆಯಿಂದ ಕತ್ತರಿ ಹಿಡಿದು ಕೂತರೂ ತಲೆಗೆ ಏನೂ ಹೊಳೆದಿರಲಿಲ್ಲ. ಆಮೇಲೆ ಒಂದು ಕಪ್ಪು ಕೊಡೆ ಬಿಡಿಸಿದೆ ನೋಡು, ಕಡ್ಡಿಯ ತುದಿಯಲ್ಲಿ ಕೆಂಪು ದಾರದ ಹೊಲಿಗೆ, ಕೊನೆಗೆ ನಿನ್ನದೇ ಆ ಜೋಡಿಗಂಟು!

ನೀನು ಊರವರ ಕೊಡೆ ರಿಪೇರಿಗೆ ಕೂತಾಗಲೆಲ್ಲ ನಾನು ರೇಗಿಸುತ್ತಿದ್ದೆ: "ಕಪ್ಪು ಬಟ್ಟೆಗೆ ಕೆಂಪು ದಾರಾನಾ? ಕಣ್ಣು ಕಾಣಲ್ವಾ ನಿಂಗೆ?"

"ನಂಗೆ ಕಾಣತ್ತೆ ಕಣೇ. ಮುಂದೆ ಬಿಚ್ಚೋರಿಗೂ ಕಾಣ್ಲಿ ಅಂತ," ಅನ್ನುತ್ತಿದ್ದೆ ನೀನು.

ಆ ಹೊಲಿಗೆ ಕಂಡ ಮೇಲೆ ನನ್ನ ಕೈ ನಿಲ್ಲಲೇ ಇಲ್ಲ. ಸಂಜೆಯೊಳಗೆ ಉಳಿದ ಕೊಡೆಗಳೆಲ್ಲ ಚೀಲಗಳಾದವು, ಎಲ್ಲಕ್ಕೂ ಕೆಂಪು ದಾರದ್ದೇ ಹೊಲಿಗೆ.

ಆ ಕೊಡೆ ಮಾತ್ರ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ. ಬಿಚ್ಚುವವಳಿಗೆ ಕಂಡಿತು, ಅಪ್ಪಾ. ಬಿಚ್ಚಲು ಕೈ ಬರಲಿಲ್ಲ.